ಪರ್ಮಿಟ್ ಇದೆ ಅಂದ್ರೆ ಸಾಲದು, ಅದ್ರಲ್ಲಿ ಏನ್ ಕೆಲ್ಸ ಅಂತ ಬರ್ದಿದಾರೆ ನೋಡಿ

ಮನೆ ವೈರಿಂಗ್ ಮಾಡಿಸ್ತಾ ಇರೋರು, ಮಾಡಿಸ್ಬೇಕು ಅನ್ಕೊಂಡಿರೋರು ಸ್ವಲ್ಪ ಉದ್ದ ಆದ್ರೂ ಇದನ್ನ ಪೂರ್ತಿ ಓದಿ. ಪರ್ಮಿಟ್ (ವೈರಿಂಗ್ ಕೆಲ್ಸಕ್ಕೆ ಆಫೀಸಿಂದ ತಗೊಳ್ಳೋ ಅನುಮತಿ ಪತ್ರ) ಇಲ್ದೆ ಕರೆಂಟ್ ಕೆಲ್ಸ ಮಾಡಿಸ್ಬೇಡಿ ಅಂತ ಎಲ್ರೂ ಹೇಳ್ತಾರೆ, ಅದಕ್ಕೇ ನಾನು ಕಂಟ್ರಾಕ್ಟರ್ ಹತ್ರ ಮೊದ್ಲೇ ಕೇಳಿದ್ದೆ, "ಟೆನ್ಷನ್ ತಗೋಬೇಡಿ ಮೇಡಂ, ಅದೆಲ್ಲ ನಂಗೆ ಬಿಡಿ" ಅಂದ, ಆಮೇಲೆ ವಾಟ್ಸಾಪಲ್ಲಿ ಫೋಟೋನೂ ಕಳ್ಸಿದ. ಅಸಲಿ ಪರ್ಮಿಟ್ಟೇ, ಸೀಲು ಸೈನು ಎಲ್ಲಾ ಇತ್ತು. ಆದ್ರೂ ಹಾಕಿದ್ ಟೈಲ್ಸ್ ಒಡಿಸ್ಬೇಕಾಗಿ ಬಂತು.

ಕೆಲ್ಸ ಏನಪ್ಪಾ ಅಂದ್ರೆ, ಅಡುಗೆಮನೆ ಹೊಸದಾಗಿ ಮಾಡಿಸ್ವಾಗ ಓವನ್‌ಗೆ ಒಂದು, ಗೀಸರ್‌ಗೆ ಒಂದು ಅಂತ ಬೇರೆ ಬೇರೆ ಲೈನ್ ಎಳೀಬೇಕಿತ್ತು, ಜೊತೆಗೆ ಹಳೇ ಫ್ಯೂಸ್ ಬೋರ್ಡ್ ತೆಗ್ದು ಎಮ್‌ಸಿಬಿ (ಕರೆಂಟ್ ಜಾಸ್ತಿ ಹರಿದ್ರೆ ತಾನಾಗೇ ಬೀಳೋ ಸ್ವಿಚ್) ಇರೋ ಡಿಬಿ, ಅಂದ್ರೆ ಮನೆಯ ಎಲ್ಲಾ ಲೈನ್ ಶುರುವಾಗೋ ಬಾಕ್ಸ್ ಹಾಕ್ಬೇಕಿತ್ತು. ಆ ಪರ್ಮಿಟ್‌ನಲ್ಲಿ ಕೆಲಸದ ವಿವರ ಅನ್ನೋ ಕಾಲಮ್ಮಲ್ಲಿ ಒಂದೇ ಸಾಲು, "ಹಳೆಯ ಬೋರ್ಡ್ ಬದಲಾವಣೆ" ಅಷ್ಟೇ. ಹೊಸ ಲೈನ್ ಮಾತೇ ಇಲ್ಲ. ಯಾಕೆ ಹಂಗೆ ಮಾಡಿದ ಅಂತ ಆಮೇಲೆ ಅರ್ಥ ಆಯ್ತು. ಬರೀ ಬೋರ್ಡ್ ಬದಲಾವಣೆ ಆದ್ರೆ ಇನ್ಸ್‌ಪೆಕ್ಟರ್ ಕೊನೇಲಿ ಒಂದ್ ಸಲ ಬಂದು ನೋಡಿ ಹೋಗ್ತಾರೆ, ಹೊಸ ಲೈನ್ ಅಂತ ಬರೆದ್ರೆ ಲೋಡ್ ಲೆಕ್ಕ, ಅಂದ್ರೆ ಒಟ್ಟು ಎಷ್ಟು ಕರೆಂಟ್ ಎಳೆಯುತ್ತೆ ಅಂತ ಕೊಡ್ಬೇಕು, ಪೈಪು ವೈರು ಕಾಣೋ ಹಂಗೆ ಗೋಡೆ ತೆರೆದಿರುವಾಗ್ಲೇ ಒಂದ್ ಸಲ ತೋರಿಸ್ಬೇಕು, ಅವ್ರು ಓಕೆ ಅಂದ್ಮೇಲೆನೇ ಗಾರೆ ಮೆತ್ಬೇಕು. ಅಲ್ಲೀತನಕ ಟೈಲ್ಸ್‌ನವ್ರು ಕಾಯ್ಬೇಕಲ್ಲ, ಇವನಿಗೆ ಅದು ಬೇಡ.

ಇನ್ಸ್‌ಪೆಕ್ಟರ್ ಬಂದು ಡಿಬಿ ಕವರ್ ಬಿಚ್ಚಿದ್ರು, ಪರ್ಮಿಟ್ ನೋಡಿದ್ರು, ಎಮ್‌ಸಿಬಿ ಎಣಿಸಿದ್ರು. "ಈ ಎರಡು ಲೈನ್ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದ್ರೆ ನಮ್ ಕಂಟ್ರಾಕ್ಟರ್ ಏನಂದ ಗೊತ್ತಾ, "ಅವು ಮೊದ್ಲಿಂದಾನೇ ಇದ್ವು ಸಾರ್". ಡಿಬಿ ಪಕ್ಕ ಮೆತ್ತಿದ್ ಗಾರೆ ಇನ್ನೂ ಹಸಿಯಾಗಿತ್ತು ಕಣ್ರೀ! ಅವ್ರು ಜಗಳ ಆಡ್ಲಿಲ್ಲ, ಬ್ಯಾಗಿಂದ ಮೆಗ್ಗರ್ (ವೈರ್ ಇನ್ಸುಲೇಷನ್ ದಾಟಿ ಕರೆಂಟ್ ಸೋರುತ್ತಾ ಅಂತ ನೋಡೋ ಮೀಟರ್) ತೆಗ್ದು ಓವನ್ ಲೈನ್ ಎರಡೂ ಕಡೆ ಬಿಚ್ಸಿ 500 ವೋಲ್ಟಲ್ಲಿ ಟೆಸ್ಟ್ ಮಾಡಿದ್ರು. ಫೇಸ್‌ಗೂ ಅರ್ತ್‌ಗೂ ಮಧ್ಯೆ ಕಮ್ಮಿ ಅಂದ್ರೂ 1 ಮೆಗಾ ಓಮ್ ತಡೆ ಇರ್ಬೇಕು, ಹೊಸ ವೈರಿಂಗ್ ಅಂದ್ರೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿನೇ ಬರುತ್ತೆ, ನಮ್ದು ಅರ್ಧನೂ ಬರ್ಲಿಲ್ಲ. ಗೋಡೆ ತೆರೀರಿ ಅಂದ್ರು.

ಒಳಗೆ ನೋಡಿದ್ರೆ, ವೈರ್ ಸಾಲದೇ ಬಂದಿದ್ದಕ್ಕೆ ಮಧ್ಯದಲ್ಲಿ ತಿರುಚಿ ಜಾಯಿಂಟ್ ಹಾಕಿ ಟೇಪ್ ಸುತ್ತಿದಾನೆ. ಜಂಕ್ಷನ್ ಬಾಕ್ಸ್ ಇಲ್ಲ, ಕನೆಕ್ಟರ್ ಇಲ್ಲ, ಅಲ್ಲಿ ಪೈಪೂ ಇಲ್ಲ, ಟೇಪ್ ಮೇಲೇನೇ ಗಾರೆ, ಗಾರೆ ಮೇಲೆ ಟೈಲ್ಸು. ಗಾರೆ ನೀರು ಟೇಪೊಳಗೆ ಇಳಿದು ತಾಮ್ರ ಆಗ್ಲೇ ಹಸಿರಾಗಿತ್ತು. ದಿನಾ ಓವನ್ ಓಡಿದ್ರೆ ಆ ಜಾಗ ಬಿಸಿ ಆಗೋದು, ಆರೋದು, ಸಡಿಲ ಆಗೋದು, ಇನ್ನೂ ಬಿಸಿ ಆಗೋದು, ಹಿಂಗೇ ಸುತ್ತು. ಟೈಲ್ಸ್ ಹಿಂದೆ ಇರೋದ್ರಿಂದ ವಾಸನೆ ಬರೋವರೆಗೂ ಯಾರಿಗೂ ತಿಳಿಯಲ್ಲ.

ಅದಕ್ಕಿಂತ ಭಯ ಆಗಿದ್ದು ಇನ್ನೊಂದು. ಆ ಲೈನಿಗೆ ಎಳೆದಿದ್ದು 2.5 ಸ್ಕ್ವೇರ್ ಎಮ್ಎಮ್ ವೈರ್, ಹಾಕಿದ್ದು 32 ಆಂಪ್ ಎಮ್‌ಸಿಬಿ. "ದೊಡ್ಡದು ಹಾಕಿದೀನಿ ಮೇಡಂ, ಪದೇ ಪದೇ ಟ್ರಿಪ್ ಆಗಲ್ಲ" ಅಂತ ಹೆಮ್ಮೆಯಿಂದ ಹೇಳಿದ್ದ. ಎಮ್‌ಸಿಬಿ ಇರೋದು ಓವನ್ ಕಾಯೋಕಲ್ಲ, ಗೋಡೆಯೊಳಗಿನ ವೈರ್ ಕಾಯೋಕೆ. ಮನೆಗೆ ಹಾಕೋ ಎಮ್‌ಸಿಬಿ ಬರೆದಿರೋ ಆಂಪ್ ದಾಟಿದ ತಕ್ಷಣ ಬೀಳಲ್ಲ, ಅದರ 1.13 ಪಟ್ಟು ಕರೆಂಟ್ ಹರಿದ್ರೆ ಒಂದು ಗಂಟೆ ಆದ್ರೂ ಬೀಳ್ಬಾರ್ದು, 1.45 ಪಟ್ಟು ಹರಿದ್ರೆ ಒಂದು ಗಂಟೆಯೊಳಗೆ ಬೀಳ್ಬೇಕು, ಸ್ಟ್ಯಾಂಡರ್ಡೇ ಹಂಗಿದೆ. ಅಂದ್ರೆ 32ರದ್ದು 36 ಆಂಪ್ ಆರಾಮಾಗಿ ಬಿಡುತ್ತೆ, 45ರ ಹತ್ರ ಹೋದ್ರೂ ಸುಮಾರು ಹೊತ್ತು ಸುಮ್ನಿರಬಹುದು. ಗೋಡೆಯೊಳಗೆ ಪೈಪಲ್ಲಿರೋ 2.5 ವೈರು ತಡ್ಕೊಳ್ಳೋದೇ ಇಪ್ಪತ್ತು ಚಿಲ್ಲರೆ ಆಂಪ್, ಮಾಮೂಲಿ ಪಿವಿಸಿ ಇನ್ಸುಲೇಷನ್‌ಗೆ 70 ಡಿಗ್ರಿ ಮಿತಿ. ಆ ವೈರಿಗೆ 16 ಅಥವಾ 20 ಹಾಕ್ಬೇಕು, 32 ಬೇಕು ಅಂದ್ರೆ ವೈರ್ ದಪ್ಪ ಮಾಡ್ಬೇಕು, ಅಷ್ಟೇ ಲೆಕ್ಕ.

ಇಷ್ಟಾದ್ರೂ ಅವ್ನು ಟೆಸ್ಟರ್ ಚುಚ್ಚಿ ಲೈಟ್ ತೋರಿಸಿ "ನೋಡಿ ಪವರ್ ಬರ್ತಿದ್ಯಲ್ಲ" ಅಂತಿದ್ದ. ಟೆಸ್ಟರ್ ಲೈಟ್ ಹತ್ತಿದ್ರೆ ಫೇಸ್ ಇದೆ ಅಂತ ಗೊತ್ತಾಗುತ್ತೆ, ಅರ್ತ್ ಇದ್ಯಾ, ಜಾಯಿಂಟ್ ಸರಿ ಇದ್ಯಾ, 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಟ್ ಮಾಡೋ ಸ್ವಿಚ್) ಟೈಮಿಗೆ ಬೀಳುತ್ತಾ ಅಂತ ಅದು ಹೇಳಲ್ಲ. ಗೀಸರ್ ಪ್ಲಗ್ಗಲ್ಲಿ ಅರ್ತ್ ವೈರ್ ಸ್ಕ್ರೂ ಕೆಳಗೆ ಇರ್ಲೇ ಇಲ್ಲ, ಬಾಕ್ಸ್ ಒಳಗೆ ಸುಮ್ನೆ ಮಡಚಿ ಇಟ್ಟಿದ್ದ. ಗೀಸರ್‌ಗೆ!

ಆಮೇಲಿಂದು ನೀವೇ ಊಹಿಸ್ಕೊಳ್ಳಿ. ಕೆಲ್ಸ ನಿಲ್ಲಿಸಿ ಅಂತ ನೋಟಿಸ್, ಹೊಸ ಅರ್ಜಿ, ಕೆಲ್ಸ ಆದ್ಮೇಲೆ ಹಾಕೋ ಅರ್ಜಿ ಅಂತ ಜಾಸ್ತಿ ಫೀಸ್. "ಟೈಲ್ಸ್ ನನ್ ಕೆಲ್ಸ ಅಲ್ಲ" ಅಂತ ಕಂಟ್ರಾಕ್ಟರ್ ಕೈ ಎತ್ತಿದ. ಪರ್ಮಿಟ್ ಮೇಲಿದ್ದ ಲೈಸೆನ್ಸ್ ನಂಬರ್ ಕೂಡ ಇವನದ್ದಲ್ಲ, ಬೇರೆ ಯಾರದ್ದೋ, ಆ ಮನುಷ್ಯ ನಮ್ಮನೆ ಕಡೆ ತಲೆ ಹಾಕಿರ್ಲಿಲ್ಲ.

ಅದಕ್ಕೇ ಪರ್ಮಿಟ್ ಫೋಟೋ ಬಂದ್ರೆ ಝೂಮ್ ಮಾಡಿ ನೋಡಿ. ಕೆಲಸದ ವಿವರ ಕೊಟೇಷನ್‌ನಲ್ಲಿರೋದಕ್ಕೆ ತಾಳೆ ಆಗ್ಬೇಕು, ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವ್ರು ಒಂದ್ ಸಲ ಆದ್ರೂ ಮನೆಗೆ ಬಂದಿರ್ಬೇಕು. "ನಿಮ್ ಹೆಸರಲ್ಲೇ ತಗೊಳ್ಳಿ, ಬೇಗ ಸಿಗುತ್ತೆ" ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ, ಅಲ್ಲಿ ಹೆಸರು ಯಾರದ್ದೋ ಇನ್ಸ್‌ಪೆಕ್ಟರ್ ಕೇಳೋದೂ ಅವರನ್ನೇ.

ಯಾವ್ದಕ್ಕೆ ಪರ್ಮಿಟ್ ಬೇಕು ಅನ್ನೋದು ಮಾತ್ರ ಊರಿಂದ ಊರಿಗೆ ಬೇರೆ. ಬಲ್ಬ್ ಹೋಲ್ಡರ್, ಇದ್ದ ಜಾಗದಲ್ಲೇ ಸ್ವಿಚ್ ಬದಲಾಯಿಸೋದಕ್ಕೆ ಸುಮಾರು ಕಡೆ ಬೇಡ, ಹೊಸ ಲೈನು, ಬೋರ್ಡ್ ಬದಲಾವಣೆ, ಲೋಡ್ ಜಾಸ್ತಿ ಮಾಡೋದು, ಸೋಲಾರ್ ಅಂದ್ರೆ ಸಾಮಾನ್ಯವಾಗಿ ಬೇಕಾಗುತ್ತೆ. ಇಂಗ್ಲೆಂಡಲ್ಲಿ 2005ರಿಂದ ಮನೆ ವೈರಿಂಗು ಬಿಲ್ಡಿಂಗ್ ರೂಲ್ಸ್ ಒಳಗೇ ಬರುತ್ತೆ, ಅಮೆರಿಕದಲ್ಲಿ ವೈರಿಂಗ್ ರೂಲ್ಸ್ ಇರೋ ಕೋಡ್ ಮೂರು ವರ್ಷಕ್ಕೊಂದ್ ಸಲ ಬದಲಾಗುತ್ತೆ, ಒಂದೊಂದು ರಾಜ್ಯ ಒಂದೊಂದು ವರ್ಷದ್ದು ಹಿಡ್ಕೊಂಡಿರುತ್ತೆ. ಸಂಬಂಧಿಕರ ಮನೇಲಿ ಪರ್ಮಿಟ್ ಕೇಳ್ಲಿಲ್ಲ ಅನ್ನೋದು ಲೆಕ್ಕಕ್ಕೆ ಬರಲ್ಲ, ನಿಮ್ಮೂರಲ್ಲಿ ಪರ್ಮಿಟ್ ಕೊಡೋ ಆಫೀಸಿಗೇ ಒಂದು ಫೋನ್ ಮಾಡಿ, ಕಂಟ್ರಾಕ್ಟರ್ ಬಾಯಿಂದ ಕೇಳ್ಬೇಡಿ.

ಗೋಡೆ ಮುಚ್ಚೋ ಮುಂಚೆ ಪ್ರತಿ ಪೈಪ್ ಹೋಗಿರೋ ದಾರಿ ಫೋಟೋ ತೆಗ್ದಿಟ್ಕೊಳ್ಳಿ, ಪಕ್ಕದಲ್ಲಿ ಟೇಪ್ ಅಳತೆ ಕಾಣೋ ಹಂಗೆ, ನಾಳೆ ಮೊಳೆ ಹೊಡಿಯೋಕೂ ಬೇಕಾಗುತ್ತೆ. ಕೊನೇ ಕಂತು ಮಾತ್ರ ಟೆಸ್ಟ್ ರೀಡಿಂಗ್ ಬರೆದಿರೋ ಫೈನಲ್ ಸರ್ಟಿಫಿಕೇಟ್ ಕೈಗೆ ಬರೋವರೆಗೂ ಕೊಡ್ಬೇಡಿ. ನಮ್ಮವನು ಈಗ್ಲೂ ಫೋನ್ ಮಾಡ್ತಾನೆ ಬಾಕಿ ದುಡ್ಡಿಗೆ, ಟೈಲ್ಸ್ ಬಿಲ್ ಕಳ್ಸಿದೀನಿ, ಅದಕ್ಕೆ ಉತ್ತರ ಇಲ್ಲ.