ಗಾಳಿ ತುಂಬುವ ಒಂಟಿ ದೋಣಿ: ಕಾಲುವೆಗೆ ಸೈ, ದೊಡ್ಡ ನೀರಿಗೆ ಬೇಡ

ಕಾಲುವೆಗಳಲ್ಲಿ ಒಬ್ಬರೇ ಸುತ್ತಿ, ದಡದಲ್ಲಿ ಟೆಂಟ್ ಹಾಕಿ ಮಲಗುವ ಆಸೆಯಿದ್ದರೆ ಇಂಥ ದೋಣಿ ಧಾರಾಳವಾಗಿ ತಗೊಳ್ಳಿ. ದೊಡ್ಡ ಸರೋವರ ದಾಟುವ ಆಸೆಯಿದ್ದರೆ ದುಡ್ಡು ಉಳಿಸಿಕೊಳ್ಳಿ. ಕೆಲವು ವರ್ಷ ಬಳಸಿದ ಮೇಲೆ ನನ್ನ ತೀರ್ಮಾನ ಇಷ್ಟೇ.

ಬೆಂಗಳೂರಿನ ಎರಡನೇ ಮಹಡಿ ಮನೆಯಲ್ಲಿ ಗಟ್ಟಿ ಕೆನೂ ಎಲ್ಲಿಡುವುದು ಹೇಳಿ? ಇದು ಮಡಚಿದರೆ ಮಂಚದ ಕೆಳಗೆ ಹೋಗುತ್ತದೆ. ರಾತ್ರಿ ಕನ್ಯಾಕುಮಾರಿಗೆ ಹೊರಡುವ ಐಲ್ಯಾಂಡ್ ಎಕ್ಸ್‌ಪ್ರೆಸ್‌ನಲ್ಲಿ ಬರ್ತ್ ಅಡಿ ತಳ್ಳಿದರೆ ಬೆಳಿಗ್ಗೆ ಕೊಟ್ಟಾಯಂ. ಅಲ್ಲಿಂದ ಅಲೆಪ್ಪಿಗೆ ಸರ್ಕಾರಿ ಬೋಟ್ ಓಡುವ ನೀರಿನ ದಾರಿಯೇ ಇದೆ. ಆದರೆ ದೋಣಿ, ಟೆಂಟ್, ಪಂಪು, ಕುಡಿಯುವ ನೀರು ಎಲ್ಲಾ ಸೇರಿದರೆ ಸ್ಟೇಷನ್ ಮೆಟ್ಟಿಲಲ್ಲಿ ಬೆನ್ನು ಬಿದ್ದುಹೋಗುತ್ತದೆ, ಅದಕ್ಕೆ ತಯಾರಿರಿ.

ಅಲೆಪ್ಪಿ ಸುತ್ತಲಿನ ಗದ್ದೆ ಸೀಮೆ ಕುಟ್ಟನಾಡಿನ ಸಣ್ಣ ಕಾಲುವೆಗಳಲ್ಲಿ ಇದರ ಮಜವೇ ಬೇರೆ. ತಳ ಚಪ್ಪಟೆ, ಹಾಗಾಗಿ ಮೊಣಕಾಲುದ್ದ ನೀರಲ್ಲೂ ಹೋಗುತ್ತದೆ. ಗದ್ದೆಗಳು ಅಲ್ಲಿ ಸಮುದ್ರ ಮಟ್ಟಕ್ಕಿಂತ ಕೆಳಗಿವೆ. ಏರಿ ಪಕ್ಕ ಹುಟ್ಟು ಹಾಕುತ್ತಾ ಹೋಗುವಾಗ ನೀವು ಮೇಲೆ, ಭತ್ತ ಕೆಳಗೆ, ನಡುವೆ ಒಂದಿಷ್ಟು ಮಣ್ಣು. ರಾತ್ರಿ ಟೆಂಟ್‌ಗೆ ಜಾಗ ಸಿಗುವುದೂ ಆ ಏರಿಗಳ ಮೇಲೆಯೇ, ಮನೆಯವರನ್ನು ಕೇಳಿದರೆ. ‘ಚೇಚಿ, ಇಲ್ಲಿ ಮಲಗಬಹುದಾ’ ಅಂತ ಕೈಸನ್ನೆಯಲ್ಲಿ ಕೇಳಿದ್ದಕ್ಕೆ ಒಬ್ಬ ಅಕ್ಕ ಮೊದಲು ದೋಣಿಯನ್ನು ಬೆರಳಿಂದ ಒತ್ತಿ ನೋಡಿದರು, ಆಮೇಲೆ ನನ್ನನ್ನು ನೋಡಿ ನಕ್ಕರು.

ತಲೆನೋವು ಅಂದರೆ ಅಂತರಗಂಗೆ, ನೀರಿನ ಮೇಲೆ ತೇಲುತ್ತಾ ಹಬ್ಬುವ ಕಳೆ. ವೆಂಬನಾಡ್ ಸರೋವರಕ್ಕೆ ಅಡ್ಡ ಕಟ್ಟಿದ ತಣ್ಣೀರ್‌ಮುಕ್ಕಂ ಬಂಡ್‌ನ ಗೇಟುಗಳನ್ನು ಡಿಸೆಂಬರ್ ಹೊತ್ತಿಗೆ ಮುಚ್ಚಿ ಬೇಸಿಗೆಯವರೆಗೆ ಹಾಗೇ ಇಡುತ್ತಾರೆ, ಗದ್ದೆಗೆ ಉಪ್ಪುನೀರು ನುಗ್ಗಬಾರದು ಅಂತ. ಉಪ್ಪು ಬಂದರೆ ಸಾಯುವ ಗಿಡ ಆಗ ಹಾಯಾಗಿ ಹಬ್ಬುತ್ತದೆ. ದೋಣಿ ನೇರ ಹೋಗಲಿ ಅಂತ ಅಡಿಗೆ ಸಿಕ್ಕಿಸುವ ರೆಕ್ಕೆಗೆ ಅದರ ಬೇರು ಸುತ್ತಿಕೊಂಡರೆ ಮುಗಿಯಿತು. ಇಂಥ ಕಡೆ ರೆಕ್ಕೆ ಬಿಚ್ಚಿಡಿ, ದೋಣಿ ಸ್ವಲ್ಪ ಅಡ್ಡಾಡಿದರೂ ಪರವಾಗಿಲ್ಲ.

ಇನ್ನು ವೆಂಬನಾಡ್. ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಎದ್ದರೆ ಈ ಹಗುರ ದೋಣಿ ಒಣಗಿದ ಎಲೆ ಇದ್ದಂತೆ, ಎಷ್ಟು ಹುಟ್ಟು ಹಾಕಿದರೂ ಮೂತಿ ತಿರುಗುತ್ತಲೇ ಇರುತ್ತದೆ, ಅದರ ಮೇಲೆ ಹೌಸ್‌ಬೋಟ್‌ಗಳ ಅಲೆ ಬೇರೆ. ದಡ ಬಿಡದೆ ಬೆಳಿಗ್ಗೆಯೇ ಹೋಗಿಬನ್ನಿ. ಸಂಜೆ ಹೌಸ್‌ಬೋಟ್ ನಿಂತ ಮೇಲೆ ನೀರು ಖಾಲಿ ಅಂತ ಇಳಿಯಬೇಡಿ, ಮೀನುಗಾರರು ಬಲೆ ಬಿಡುವ ಹೊತ್ತು ಅದು. ಲೈಫ್ ಜಾಕೆಟ್ ಬಗ್ಗೆ ಹೇಳಲೇಬೇಕಿಲ್ಲ ಅಲ್ವಾ?

ಬಾಳಿಕೆ ಚೆನ್ನಾಗಿದೆ. ದೋಣಿಯ ಬಟ್ಟೆಗೆ ಇನ್ನೂ ತೂತಾಗಿಲ್ಲ. ಊಟಕ್ಕೆ ದಡಕ್ಕೆಳೆದಾಗ ಮಾತ್ರ ಒಂದಿಷ್ಟು ಗಾಳಿ ಬಿಟ್ಟುಬಿಡಿ, ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಅಂಟು ಬಿಡುತ್ತದೆ. ಸೀಟಿನ ಪಟ್ಟಿ ಹರಿಯಿತು. ಮಾರಿದವರು ‘ಸೀಟಿಗೆ ವಾರಂಟಿ ಇಲ್ಲ ಸರ್’ ಅಂದರು. ನಮ್ಮ ಬೀದಿಯಲ್ಲಿ ಚಪ್ಪಲಿ ಹೊಲಿಯುವವರು ನೈಲಾನ್ ದಾರದಲ್ಲಿ ಹೊಲಿದುಕೊಟ್ಟ ಪಟ್ಟಿ ಈಗ ಕಂಪನಿಯದ್ದಕ್ಕಿಂತ ಗಟ್ಟಿ!

ನಿಜವಾದ ಕೆಲಸ ಊರಿಗೆ ಬಂದ ಮೇಲೆ. ತಳದ ಗಾಳಿಚೀಲದ ಅಂಚಿನಲ್ಲಿ ನೀರು, ಮಣ್ಣು ಸೇರಿಕೊಂಡಿರುತ್ತದೆ. ಹಳೇ ಬನಿಯನ್ ತುರುಕಿ ಒರೆಸಬೇಕು, ಇಲ್ಲದಿದ್ದರೆ ನಮ್ಮ ಜುಲೈ ಮೋಡಕ್ಕೆ ಬೂಷ್ಟು ಗ್ಯಾರಂಟಿ. ಟೆರೇಸಿನಲ್ಲಿ ಒಣಗಿಸಿದಾಗಲೆಲ್ಲ ಪಕ್ಕದ ಮನೆ ಅಂಕಲ್ ‘ಏನ್ರೀ, ಬೆಳ್ಳಂದೂರಿಗಾ?’ ಅಂತ ಕೇಳುತ್ತಾರೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಆ ಕಡೆ ಜನರನ್ನು ದೋಣಿಯಲ್ಲಿ ಸಾಗಿಸಿದ್ದು ಯಾರಿಗೆ ಮರೆತಿದೆ?

ಜೊತೆಗೆ ಬರುವ ಹುಟ್ಟು ಸುಮ್ನೆ ಲೆಕ್ಕಕ್ಕೆ, ಬೇರೆ ಕೊಳ್ಳಿ. ಕೊಳ್ಳುವ ಮುಂಚೆ ತಳದ ಗಾಳಿಚೀಲ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ಸಿಗಲ್ಲ ಅಂದರೆ ಬೇರೆ ಮಾದರಿ ನೋಡಿ.