ನೋಮ್ಯಾಡ್ ನೋಡೋದಾ, ಮಿನ್ ಬಾಲಾ ನೋಡೋದಾ?

ಎರಡೂ ಕಜಕಿಸ್ತಾನದ ಸಿನಿಮಾಗಳೇ, ಎರಡರಲ್ಲೂ 18ನೇ ಶತಮಾನದಲ್ಲಿ ಜುಂಗಾರರು ಅನ್ನೋ ಮಂಗೋಲ್ ಮೂಲದ ಜನರ ದಾಳಿ ವಿರುದ್ಧ ಕಜಕ್ ಜನ ಒಟ್ಟಾಗೋ ಕಥೆ, ಹಾಗಾಗಿ ಒಂದೇ ನೋಡೋಕೆ ಟೈಮ್ ಇದ್ರೆ ಯಾವುದು ಅನ್ನೋ ಪ್ರಶ್ನೆ ಬಂದೇ ಬರುತ್ತೆ.

2005ರ ನೋಮ್ಯಾಡ್‌ಗೆ ಸರ್ಕಾರವೇ ದುಡ್ಡು ಸುರಿದಿತ್ತು, ಮುಂದೆ ಕಜಕರ ದೊರೆ ಅಬ್ಲಾಯ್ ಖಾನ್ ಆಗೋ ಹುಡುಗನ ಕಥೆ. ಆದ್ರೆ ಆ ಪಾತ್ರ ಮಾಡಿರೋದು ಮೆಕ್ಸಿಕೋದ ಕೂನೋ ಬೆಕರ್, ಮೂರು ಜನ ಡೈರೆಕ್ಟರ್‌ಗಳು ಬೇರೆ, ಅದಕ್ಕೇ ಏನೋ ಭಾವನೆ ಒಂದು ಕಡೆ ನಿಲ್ಲಲ್ಲ. ಅಮೆರಿಕದ ವಿಮರ್ಶಕರು ಚೆನ್ನಾಗೇ ಬೈದ್ರು. ಹುಲ್ಲುಗಾವಲು, ಕುದುರೆಗಳು ಮಾತ್ರ ಅದ್ಭುತ, ಕಾರ್ಲೋ ಸಿಲಿಯೊಟ್ಟೊ ಸಂಗೀತಕ್ಕೆ ಗೋಲ್ಡನ್ ಗ್ಲೋಬ್ ನಾಮಿನೇಷನ್ನೂ ಸಿಕ್ತು.

ಮಿನ್ ಬಾಲಾ ಅಂದ್ರೆ ಸಾವಿರ ಹುಡುಗರು, ಅಕಾನ್ ಸತಾಯೆವ್ ಡೈರೆಕ್ಷನ್ನು, 2012ರಲ್ಲಿ ಥಿಯೇಟರಿಗೆ ಬಂತು. ಇಲ್ಲಿ ರಾಜಕುಮಾರ ಅಲ್ಲ, ಊರು ಕಳ್ಕೊಂಡ ಸರ್ತಾಯ್ ಅನ್ನೋ ಹುಡುಗ ತನ್ನಂಥವರನ್ನ ಸೇರಿಸ್ತಾ ಹೋಗ್ತಾನೆ, ನಟರು ಅಲ್ಲಿಯವರೇ, ಮಾತೂ ಕಜಕ್, ಅದು ಕಿವಿಗೆ ಬಿದ್ದಾಗಲೇ ಆ ನೆಲದ ನೋವು ನಮಗೂ ತಟ್ಟೋದು.

ಎರಡನ್ನೂ ಆಸ್ಕರ್‌ಗೆ ಕಳ್ಸಿದ್ರು, ನಾಮಿನೇಷನ್ ಆಗ್ಲಿಲ್ಲ. ನನ್ನ ಕೇಳಿದ್ರೆ ಮಿನ್ ಬಾಲಾನೇ ನೋಡಿ, ಸಬ್‌ಟೈಟಲ್ ಹಾಕ್ಕೊಂಡು, ಡಬ್ಬಿಂಗ್ ಬೇಡ.