ಮಹಾಯುದ್ಧದಲ್ಲಿ ಮಡಿದ ಮುತ್ತಜ್ಜನನ್ನು ಹುಡುಕಲು: ವಾರ್ ಗ್ರೇವ್ಸ್ ಕಮಿಷನ್ನಿನ ಶೋಧ ಸೇವೆ ಹೇಗಿದೆ?

ಎರಡು ಮಹಾಯುದ್ಧಗಳಲ್ಲಿ ಮಡಿದವರ ದಾಖಲೆಗಳನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತನ್ನ ಜಾಲತಾಣದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ‘ಬರ್ಮಾಕ್ಕೆ ಹೋದವನು ಬರಲಿಲ್ಲ’ ಎಂಬ ಮಾತಷ್ಟೇ ಉಳಿದಿರುವ ಮನೆಯವರು ಹುಡುಕಾಟವನ್ನು ಇಲ್ಲಿಂದಲೇ ಶುರುಮಾಡಬೇಕು. ಆದರೆ ನಮ್ಮ ಕಡೆಯ ಹೆಸರುಗಳು ಮೊದಲ ಸಲಕ್ಕೇ ಸಿಗುವುದು ಅಪರೂಪ.

ತೊಡಕೆಲ್ಲ ಕಾಗುಣಿತದ್ದು. ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ ಹೆಸರುಗಳಿವು. ಕೃಷ್ಣಪ್ಪ ಕಿಷ್ಟಪ್ಪನೋ ಕಿಸ್ನಪ್ಪನೋ ಆಗಿರಬಹುದು. ಬಹಳಷ್ಟು ಭಾರತೀಯರ ಇಡೀ ಹೆಸರು ಸರ್‌ನೇಮ್ ಜಾಗದಲ್ಲೇ ಇದೆ, ಫೋರ್‌ನೇಮ್ (ಮೊದಲ ಹೆಸರು) ಖಾಲಿ. ಹಾಗಾಗಿ ಸರ್‌ನೇಮ್‌ನಲ್ಲಿ ಹೆಸರಿನ ಮೊದಲ ಮೂರ್ನಾಲ್ಕು ಇಂಗ್ಲಿಷ್ ಅಕ್ಷರ ಮಾತ್ರ ಹಾಕಿ, ಯಾವ ಯುದ್ಧ, ಯಾವ ರೆಜಿಮೆಂಟ್ ಎಂದು ಜರಡಿ ಹಿಡಿಯಿರಿ. ಮದ್ರಾಸ್ ಸ್ಯಾಪರ್ಸ್, ಮರಾಠಾ ಲೈಟ್ ಇನ್‌ಫೆಂಟ್ರಿ, ಪಯೋನಿಯರ್ ಕೋರ್, ಸರ್ವಿಸ್ ಕೋರ್ ಎಲ್ಲವನ್ನೂ ನೋಡಿ. ಮೈಸೂರು ಲ್ಯಾನ್ಸರ್ಸ್‌ನವರಾದರೆ ರೆಜಿಮೆಂಟ್ ಜಾಗಕ್ಕೆ ‘ಮೈಸೂರ್’ ಎಂದಷ್ಟೇ ಸಾಕು. ಅವರು ಕಾದಾಡಿದ ಹೈಫಾ (ಈಗಿನ ಇಸ್ರೇಲ್‌ನಲ್ಲಿದೆ) ಕಾಳಗ ನಡೆದದ್ದು 1918ರ ಸೆಪ್ಟೆಂಬರ್ 23ರಂದು, ಸತ್ತ ದಿನವನ್ನು ಇದರೊಂದಿಗೆ ಹೋಲಿಸಿ ನೋಡಿ. ಮನೆಯಲ್ಲಿ ಪದಕವಿದ್ದರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಅಲ್ಲಿ ಸರ್ವಿಸ್ ನಂಬರ್ ಕೊರೆದಿದ್ದರೆ ಅದನ್ನೇ ಹಾಕಿ ಹುಡುಕಿ, ಕಾಗುಣಿತದ ಗೋಜೇ ಬೇಡ.

ಒಂದೇ ಹೆಸರಿನ ಹತ್ತಾರು ಜನ ಸಿಕ್ಕರೆ ‘ಹೆಚ್ಚುವರಿ ಮಾಹಿತಿ’ಯ ಸಾಲು ನೋಡಿ. ಇಂಥವರ ಮಗ, ಇಂಥ ಊರಿನವನು ಎಂಬ ವಿವರ ಇರುವುದು ಅಲ್ಲೇ. ಅದಿಲ್ಲದೆ ‘ಇವನೇ ನಮ್ಮವನು’ ಎಂದು ತೀರ್ಮಾನಿಸಬೇಡಿ.

ನಮ್ಮವರನ್ನು ಹೆಚ್ಚಾಗಿ ದಾರಿತಪ್ಪಿಸುವುದು ಸಮಾಧಿಯ ನಿರೀಕ್ಷೆ. ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ್ದರಿಂದ ಅವರ ಹೆಸರಿರುವುದು ಕ್ರಿಮೇಷನ್ ಮೆಮೋರಿಯಲ್‌ನಲ್ಲಿ. ಕೊಹಿಮಾದಲ್ಲಿ 1,420 ಸಮಾಧಿಗಳನ್ನು ದಾಟಿ ಮೇಲೆ ಹತ್ತಿದರೆ 917 ಮಂದಿಯ ಹೆಸರುಳ್ಳ ಆ ಸ್ಮಾರಕ ಸಿಗುತ್ತದೆ. ಇಂಫಾಲದಲ್ಲಿ ಎರಡು ಯುದ್ಧ ಸ್ಮಶಾನಗಳಿದ್ದು, ಇಂಡಿಯನ್ ಆರ್ಮಿ ಸ್ಮಶಾನ ಬೇರೆಯೇ ಜಾಗದಲ್ಲಿದೆ. ದೇಹ ಸಿಗದವರ ಹೆಸರನ್ನು ರಂಗೂನ್ ಮೆಮೋರಿಯಲ್‌ನಂಥ ಕಡೆ ಕೆತ್ತಿದ್ದಾರೆ. ಹೊರಡುವ ಮುನ್ನ ದಾಖಲೆಯಲ್ಲಿರುವ ಪ್ಲಾಟ್, ಸಾಲು ಅಥವಾ ಫಲಕದ ಸಂಖ್ಯೆ ಬರೆದುಕೊಳ್ಳಿ. ಇಲ್ಲದಿದ್ದರೆ ಸಾವಿರಾರು ಹೆಸರುಗಳ ನಡುವೆ ಹುಡುಕಬೇಕಾಗುತ್ತದೆ.

ಇರಾಕಿನ ಬಸ್ರಾ ಸ್ಮಾರಕದ ಸಂಗತಿ ನೋವಿನದು. ಅಲ್ಲಿ ಅಧಿಕಾರಿಗಳ ಹೆಸರುಗಳನ್ನು ಕೆತ್ತಿದರು. ಭಾರತೀಯ ಜವಾನರು ಎಷ್ಟು ಮಂದಿ ಎಂಬ ಲೆಕ್ಕವಷ್ಟೇ ರೆಜಿಮೆಂಟಿನ ಕೆಳಗೆ ಬಂತು. ಮೊದಲ ಮಹಾಯುದ್ಧದ 45,000ದಿಂದ 54,000 ಮಂದಿಗೆ ಸಮಾನ ಗೌರವ ಸಿಕ್ಕಿಲ್ಲ ಎಂದು 2021ರಲ್ಲಿ ಕಮಿಷನ್ನಿನದೇ ವರದಿ ಒಪ್ಪಿಕೊಂಡಿತು, ಸಂಸ್ಥೆ ಕ್ಷಮೆಯನ್ನೂ ಕೇಳಿತು. ಹಾಗಾಗಿ ಇಲ್ಲಿ ಹೆಸರು ಸಿಗದಿದ್ದರೆ ಆತ ಯುದ್ಧಕ್ಕೇ ಹೋಗಿರಲಿಲ್ಲ ಎಂದುಕೊಳ್ಳಬಾರದು.

ತಪ್ಪು ತಿದ್ದಿಸಲು, ಬಿಟ್ಟುಹೋದ ಹೆಸರು ಸೇರಿಸಲು ಅರ್ಜಿ ಹಾಕಬಹುದು. ಸೇವೆಯಲ್ಲಿದ್ದುದಕ್ಕೆ, ಸತ್ತ ದಿನಕ್ಕೆ ದಾಖಲೆ ಬೇಕು. ಪಿಂಚಣಿ ಕಾಗದ, ರೆಜಿಮೆಂಟಿನ ಪತ್ರ ಇದ್ದರೆ ಜೋಪಾನ ಮಾಡಿ. 1914 ಆಗಸ್ಟ್ 4ರಿಂದ 1921 ಆಗಸ್ಟ್ 31, 1939 ಸೆಪ್ಟೆಂಬರ್ 3ರಿಂದ 1947 ಡಿಸೆಂಬರ್ 31, ಈ ಎರಡು ಅವಧಿಗಳಲ್ಲಿ ತೀರಿಕೊಂಡವರು ಮಾತ್ರ ಇದರ ವ್ಯಾಪ್ತಿಗೆ ಬರುತ್ತಾರೆ. 1962, 1965, 1971 ಅಥವಾ ಕಾರ್ಗಿಲ್‌ನಲ್ಲಿ ಮಡಿದವರನ್ನು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಹೆಸರುಗಳನ್ನು ಕೆತ್ತಿರುವ ತ್ಯಾಗ ಚಕ್ರದಲ್ಲಿ ಹುಡುಕಬೇಕು.